ಕೊಳವೆಗೇನೂ ಆಗಿಲ್ಲ

ಜನ ಉಸಿರಾಡಿ ಬಿಟ್ಟದ್ದನ್ನು ತೊಳೆಯುವುದು ನಮ್ಮ ಕೆಲಸ.

ಆಪರೇಷನ್ನಿಗೆ ಮಲಗಿಸಿದವರ ಮೂಗಿಗೆ ಒತ್ತುವ ಮುಖವಾಡ. ಅಲ್ಲಿಂದ ಯಂತ್ರಕ್ಕೆ ಹೋಗುವ ಸುಕ್ಕುಸುಕ್ಕಾದ ಕೊಳವೆ. ಉಸಿರು ನಿಂತವರಿಗೆ ಕೈಯಲ್ಲಿ ಹಿಸುಕಿ ಗಾಳಿ ತುಂಬುವ ರಬ್ಬರ್ ಚೀಲ. ಆಸ್ಪತ್ರೆಯ ಆರು ಮಹಡಿಗಳಲ್ಲಿ ಯಾರ್ಯಾರದೋ ಬಾಯಿಂದ ಬಿಡಿಸಿದ ಇವೆಲ್ಲ ಕೆಳಗೆ ನಮ್ಮ ನೆಲಮಾಳಿಗೆಗೆ ಬರುತ್ತಿದ್ದವು. ಕಫ ಇರುತ್ತಿತ್ತು, ರಕ್ತ ಇರುತ್ತಿತ್ತು, ಲಿಪ್‌ಸ್ಟಿಕ್ ಇರುತ್ತಿತ್ತು. ಒಮ್ಮೆ ಒಂದು ಚಿನ್ನದ ಹಲ್ಲೇ ಬಂದಿತ್ತು. ನಾವು ತೊಳೆದು ಕಳಿಸಿದ ಮೇಲೆ ಮತ್ತೊಬ್ಬರ ಬಾಯಿಗೆ ಹೋಗುತ್ತಿದ್ದವು. ನಮ್ಮೂರು ಅಮೆರಿಕದ ಹಾರ್ಟ್‌ಫರ್ಡು; ಅಲ್ಲಿನ ಬ್ಯಾಂಕಿನವನೂ ಅವನ ಕಾರು ಒರೆಸುವವನೂ ಒಂದೇ ಕೊಳವೆಯಲ್ಲಿ ಉಸಿರಾಡಿದ್ದಾರೆ. ಅದು ಅವರಿಗೆ ಗೊತ್ತಿರಲಿಲ್ಲ, ನಮಗೆ ಗೊತ್ತಿತ್ತು. ಅದನ್ನು ನೆನೆದು ನಾವು ಮೂವರೂ ದಿನಕ್ಕೊಂದು ಸಲವಾದರೂ ನಗುತ್ತಿದ್ದೆವು.

ಮೂವರು ಅಂದರೆ ನಾನು ಗ್ಲೆನ್‌ರಾಯ್, ಹತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಪೋರ್ಟೊ ರಿಕೊದ ವಿಲ್ಫ್ರೆಡೊ, ಮಾತಿಗಿಂತ ಹೆಚ್ಚು ಸಿಗರೇಟು. ಮತ್ತೆ ಮಿಸ್ ಐಸಿಲ್ಡಾ. ಆಕೆಗೆ ಐವತ್ತೆಂಟು. ನನ್ನ ಅಮ್ಮನ ಹಾಗೆ ಜಮೈಕಾದವರು, ಅಮ್ಮನ ಚರ್ಚಿನವರೇ. ಹತ್ತೊಂಬತ್ತು ವರ್ಷದಿಂದ ಆ ನೆಲಮಾಳಿಗೆಯಲ್ಲಿದ್ದರು. ನಮ್ಮಲ್ಲಿ ದೊಡ್ಡ ಹೆಂಗಸರನ್ನು ಬರಿ ಹೆಸರಿನಿಂದ ಕರೆದರೆ ಕಪಾಳಕ್ಕೆ ಬೀಳುತ್ತದೆ. ಮುಂದೆ ಮಿಸ್ ಇರಲೇಬೇಕು.

ತೊಳೆದ ಕೊಳವೆಯನ್ನು ಮಿಸ್ ಐಸಿಲ್ಡಾ ಬೀಸುತ್ತಿದ್ದರು. ಕೊಳವೆಯ ಸುಕ್ಕಿನೊಳಗೆ ನೀರು ನಿಂತರೆ ಅಲ್ಲಿ ಕ್ರಿಮಿ ಬೆಳೆಯುತ್ತದೆ. ಅದಕ್ಕೇ ಒಂದು ತುದಿ ಹಿಡಿದು ತಲೆಯ ಮೇಲೆ ಗಿರಗಿರ ಸುತ್ತಿಸುವುದು. ಕೊಳವೆ ಊಳಿಡುತ್ತಿತ್ತು, ನೀರು ಗೋಡೆಗೆಲ್ಲ ಹಾರುತ್ತಿತ್ತು, ಮಿಸ್ ಐಸಿಲ್ಡಾ ಆ ಊಳಿನ ಶ್ರುತಿಗೇ ಚರ್ಚಿನ ಹಾಡು ಹೇಳುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದೇ ಸಮನೆ ಇಪ್ಪತ್ತು ಕೊಳವೆ ಬೀಸುತ್ತಿದ್ದರು. ನಾನು ಹೇಳುವ ವರ್ಷಕ್ಕೆ ಅದು ಆರಕ್ಕೆ ಇಳಿದಿತ್ತು. ಹಾಡು ನಿಂತೇ ಹೋಗಿತ್ತು.

ಕಾರಣ ಟಬ್ಬು.

ಕೊಳವೆಗಳ ಕ್ರಿಮಿ ಕೊಲ್ಲಲು ಎರಡು ದಾರಿ ಇದ್ದವು. ಒಂದು ಗ್ರಾನಿ. ಅದು ಬಿಸಿನೀರಿನ ಯಂತ್ರ. ಹಳೆಯದು, ಗೊಣಗುತ್ತಿತ್ತು, ಬೈದು ಮಾತಾಡಿಸದಿದ್ದರೆ ಶುರುವಾಗುತ್ತಿರಲಿಲ್ಲ. ಅದಕ್ಕೇ ಗ್ರಾನಿ, ಅಂದರೆ ಅಜ್ಜಿ, ಅಂತ ಹೆಸರು. ಕುದಿಯುವುದಕ್ಕಿಂತ ತುಸು ಕಡಿಮೆ ಬಿಸಿಯ ನೀರಲ್ಲಿ ಅರ್ಧ ಗಂಟೆ ಮುಳುಗಿಸಿದರೆ ಆಯಿತು. ಇನ್ನೊಂದು ಟಬ್ಬು. ಅದರಲ್ಲಿ ಹಸಿರು ದ್ರಾವಣ. ಕೊಳೆತ ಸೇಬಿನ ವಾಸನೆ. ನಾವು ಸೇಬಿನ ರಸ ಅನ್ನುತ್ತಿದ್ದೆವು. ಅದರ ಮುಚ್ಚಳ ತೆಗೆದರೆ ಕಣ್ಣಲ್ಲಿ ನೀರು, ಮೂಗಲ್ಲಿ ಉರಿ, ಗಂಟಲಲ್ಲಿ ಯಾರೋ ಬ್ರಷ್ ತಿರುವಿದ ಹಾಗೆ. ಕೊಟ್ಟಿದ್ದ ತೆಳ್ಳನೆಯ ಕೈಗವಸನ್ನು ದಾಟಿ ಬೆರಳನ್ನು ಕಂದು ಮಾಡುತ್ತಿತ್ತು. ಟಬ್ಬಿನ ಮೇಲೆ ಹೊಗೆ ಎಳೆಯುವ ಫ್ಯಾನು ಇತ್ತು. ಕೆಟ್ಟು ಎರಡು ಚಳಿಗಾಲ ಕಳೆದಿದ್ದವು. ರಿಪೇರಿಗೆ ತಿಳಿಸಲಾಗಿದೆ ಅಂತ ಅದಕ್ಕೆ ಕಟ್ಟಿದ್ದ ಚೀಟಿ ಹಳದಿಯಾಗಿ, ಅಂಚು ಮುದುರಿ, ಕೊನೆಗೆ ಅದನ್ನೇ ವಿಲ್ಫ್ರೆಡೊ ಸಿಗರೇಟು ಹಚ್ಚಲು ತೆಗೆದುಕೊಂಡ.

ಆ ವಸಂತದಲ್ಲಿ ಸೋಂಕು ತಡೆಯುವ ವಿಭಾಗದ ಡಾಕ್ಟರ್ ಹ್ಯಾಡ್ಲಿ ಕೆಳಗೆ ಬಂದರು. ಒಳ್ಳೆಯ ಹೆಂಗಸು. ನಗುತ್ತಾ ಮಾತಾಡುತ್ತಿದ್ದರು. ಟಬ್ಬು ಒಳ್ಳೆಯದೋ ಗ್ರಾನಿ ಒಳ್ಳೆಯದೋ ಹೋಲಿಸಿ ನೋಡೋಣ, ಗೆದ್ದದ್ದನ್ನು ಇಟ್ಟುಕೊಂಡು ಸೋತದ್ದನ್ನು ಹೊರಗೆ ಹಾಕೋಣ ಅಂದರು. ಒಂದು ವಾರ ಗ್ರಾನಿ, ಒಂದು ವಾರ ಟಬ್ಬು, ಹೀಗೆ ಒಂದಾದ ಮೇಲೊಂದು ಆರು ವಾರ. ತೊಳೆದ ಕೊಳವೆಯ ಒಳಗೆ ಹತ್ತಿ ಆಡಿಸಿ ಲ್ಯಾಬಿಗೆ ಕಳಿಸುವುದು. ತೊಳೆದ ಕೊಳವೆ, ಮುಖವಾಡ ಕಟ್ಟಿಡುವ ಪೊಟ್ಟಣಗಳಲ್ಲಿ ಟಬ್ಬಿನದಕ್ಕೆ ನೀಲಿ ಪಟ್ಟಿ, ಗ್ರಾನಿಯದಕ್ಕೆ ಕೆಂಪು ಪಟ್ಟಿ. ಪ್ರತಿ ಸಲಕ್ಕೂ ಒಂದು ಹಾಳೆ ತುಂಬುವುದು.

ನನ್ನ ಅಕ್ಷರ ಏಡಿ ನಡೆದ ಹಾಗಿದೆ. ಮಿಸ್ ಐಸಿಲ್ಡಾರದು ಮುತ್ತು. ಜಮೈಕಾದ ಸೇಂಟ್ ಆ್ಯನ್ ಕಡೆಯ ಸ್ಕೂಲಿನಲ್ಲಿ ಬೆತ್ತದಿಂದ ಬಾರಿಸಿ ಕೂರಿಸಿದ ಅಕ್ಷರ. ಹಾಗಾಗಿ ಹಾಳೆ ಅವರ ಪಾಲಿಗೆ ಬಂತು. ಅವರಿಗೆ ಖುಷಿಯಾಯಿತು. ಹತ್ತೊಂಬತ್ತು ವರ್ಷದಲ್ಲಿ ಆ ಆಸ್ಪತ್ರೆ ಅವರನ್ನು ಕೇಳಿದ ಮೊದಲ ಪ್ರಶ್ನೆ ಅದು. ಮನೆಯಿಂದ ಓದುವ ಕನ್ನಡಕ ತಂದರು.

ಹಾಳೆಯ ಕೊನೆಯ ಕಾಲಮ್ಮಿನಲ್ಲಿ ಹೀಗೆ ಅಚ್ಚಾಗಿತ್ತು. ದ್ರಾವಣ ತಾಗಿದ ಮೇಲಿನ ಸ್ಥಿತಿ: ಬಣ್ಣ, ಬಿರುಕು, ವಾಸನೆ, ಬಿಗಿತ.

ದ್ರಾವಣ ತಾಗುತ್ತಿದ್ದದ್ದು ಯಾರಿಗೆ? ಮಿಸ್ ಐಸಿಲ್ಡಾ ತಮಗೆ ತಿಳಿದ ಹಾಗೆ, ದೇವರ ಮುಂದೆ ನಿಂತಷ್ಟು ಪ್ರಾಮಾಣಿಕವಾಗಿ ತುಂಬಿದರು.

ಬಣ್ಣ: ಕಂದು, ಎಂಟು ಬೆರಳು. ಬಿರುಕು: ಬಲ ಹೆಬ್ಬೆರಳಿನಲ್ಲಿ ಎರಡು, ದನಿಯಲ್ಲಿ ಒಂದು. ವಾಸನೆ: ಮನೆಗೆ ಹೋದರೂ ಹೋಗುವುದಿಲ್ಲ, ಮೊಮ್ಮಗಳು ಹತ್ತಿರ ಬರುವುದಿಲ್ಲ. ಬಿಗಿತ: ಎದೆ, ಮಧ್ಯಾಹ್ನ ಎರಡರ ಮೇಲೆ.

ಮೊದಲ ಟಬ್ಬಿನ ವಾರದ ನಲವತ್ತು ಹಾಳೆ, ನಲವತ್ತರಲ್ಲೂ ಹೀಗೆಯೇ. ಆ ಮುತ್ತಿನ ಅಕ್ಷರದಲ್ಲಿ.

ಮುಂದಿನ ಮಂಗಳವಾರ ಕೊಳವೆ ಒಯ್ಯಲು ನೆರೈದಾ ಬಂದಳು. ಮೇಲೆ ಉಸಿರಿನ ವಿಭಾಗದಲ್ಲಿ ಕೆಲಸ ಅವಳದು. ರೋಗಿಗಳಿಗೆ ಗಾಳಿಯ ಯಂತ್ರ ಹಾಕುವುದು, ತೆಗೆಯುವುದು. ವಿಲ್ಫ್ರೆಡೊನ ಊರಿನವಳು, ದಿನಾ ನಾವು ಸಾಮಾನು ಕೊಡುವ ಕಿಟಕಿಯ ಬಳಿ ನಿಂತು ಅವನನ್ನು ರೇಗಿಸಿ ಹೋಗುವವಳು. ಅವತ್ತು ಯಾರನ್ನೂ ರೇಗಿಸಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು. ಮೇಲೆ ಮೀಟಿಂಗಿನಲ್ಲಿ ಮಿಸ್ ಐಸಿಲ್ಡಾರ ಹಾಳೆಯನ್ನು ಬೆಳಕಿಗೆ ಹಾಕಿ ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದರಂತೆ. ನಮ್ಮ ಮೇಲ್ವಿಚಾರಕ ಲೂಮಿಸ್ ಎದ್ದು ನಿಂತು ಓದಿದನಂತೆ. ಕೊಳವೆಗೆ ಹೆಬ್ಬೆರಳು ಇರುವುದು ನನಗೆ ಗೊತ್ತೇ ಇರಲಿಲ್ಲ ಅಂದನಂತೆ. ಹನ್ನೆರಡು ಜನ ಡಾಕ್ಟರುಗಳು ಕಾಫಿ ಚೆಲ್ಲುವಷ್ಟು ನಕ್ಕರಂತೆ.

"ನಾನೂ ನಕ್ಕೆ," ಅಂದಳು ನೆರೈದಾ. "ಆಮೇಲೆ ಮೂರನೇ ಸಾಲು ಓದ್ದೆ. ಮೊಮ್ಮಗಳದ್ದು."

ನನಗೆ ಮೈ ಉರಿದುಹೋಯಿತು. ಬಕೆಟ್ಟಿಗೆ ಒದ್ದೆ. ಬಕೆಟ್ಟು ಹೋಗಿ ಗ್ರಾನಿಗೆ ಬಡಿಯಿತು, ಗ್ರಾನಿ ತಾನೇ ಶುರುವಾಯಿತು. ವಿಲ್ಫ್ರೆಡೊ ಬಿದ್ದು ಬಿದ್ದು ನಕ್ಕ. ನಮ್ಮ ನೆಲಮಾಳಿಗೆಯಲ್ಲಿ ಸಿಟ್ಟು ಕೂಡ ನೆಟ್ಟಗೆ ನಡೆಯುತ್ತಿರಲಿಲ್ಲ.

ಮಧ್ಯಾಹ್ನ ಲೂಮಿಸ್ ಬಂದ. ಮೂವತ್ತೆರಡು ವರ್ಷದವನು. ನಲವತ್ತು ಹಾಳೆಗಳನ್ನು ಮಿಸ್ ಐಸಿಲ್ಡಾರ ಮುಂದೆ ಹಾಕಿದ. ಇನ್ನೊಂದು ಕೈಯಲ್ಲಿ ನಲವತ್ತು ಖಾಲಿ ಹಾಳೆ.

"ಇದು ಕೊಳವೆದು, ಐಸಿಲ್ಡಾ. ನಿಂದಲ್ಲ. ಎಲ್ಲಾ ಮತ್ತೆ ಬರಿ."

ಬರಿ ಐಸಿಲ್ಡಾ. ಮಿಸ್ ಇಲ್ಲ.

"ಗೊತ್ತಾಗ್ಲಿಲ್ಲ ಸಾರ್," ಅಂದರು ಮಿಸ್ ಐಸಿಲ್ಡಾ. "ನಂದು ಯಾವ ಹಾಳೆ ಹಾಗಾದ್ರೆ?"

"ನಿಂಗೆ ಹಾಳೆ ಇಲ್ಲ."

ಅವನೇನೂ ಕೂಗಲಿಲ್ಲ. ಅಂಗಡಿಯಲ್ಲಿ ಹಾಲು ಇಲ್ಲ ಅನ್ನುವ ಹಾಗೆ ಹೇಳಿದ. ಆಮೇಲೆ ಎದೆಯ ಮೇಲೆ ಕೈಕಟ್ಟಿ ಅಲ್ಲೇ ನಿಂತ. ಮಿಸ್ ಐಸಿಲ್ಡಾ ಕನ್ನಡಕ ಹಾಕಿಕೊಂಡು ಬರೆಯತೊಡಗಿದರು. ಬಣ್ಣ: ಇಲ್ಲ. ಬಿರುಕು: ಇಲ್ಲ. ವಾಸನೆ: ಇಲ್ಲ. ಬಿಗಿತ: ಇಲ್ಲ. ನಲವತ್ತು ಹಾಳೆಗೆ ನೂರ ಅರವತ್ತು ಇಲ್ಲ. ನಡುನಡುವೆ ಕೆಮ್ಮು. ಕೆಮ್ಮು ಬಂದಾಗ ಪೆನ್ನು ಎತ್ತಿ ಹಿಡಿದು, ಅಕ್ಷರ ಅಲುಗದ ಹಾಗೆ ಕಾಪಾಡಿ, ಕೆಮ್ಮು ನಿಂತ ಮೇಲೆ ಮತ್ತೆ ಇಲ್ಲ. ಹಳೆಯ ಹಾಳೆಗಳನ್ನು ಲೂಮಿಸ್ ಕಸಕ್ಕೆ ಎಸೆದು ಹೋದ. ನಾನು ಎತ್ತಿಟ್ಟುಕೊಂಡೆ.

ಮರುದಿನ ಮಿಸ್ ಐಸಿಲ್ಡಾ ಕನ್ನಡಕ ತರಲಿಲ್ಲ. ಕೇಳಿದರೆ ಮರೆತೆ ಅಂದರು.

ನೆರೈದಾ ಸುಮ್ಮನಿರುವವಳಲ್ಲ. ಬುಧವಾರ ಜೇಬಿನಿಂದ ಒಂದು ಪ್ಲಾಸ್ಟಿಕ್ ನಳಿಗೆ ತೆಗೆದಳು. ಒಂದು ತುದಿಗೆ ಬಾಯಿಟ್ಟು ಜೋರಾಗಿ ಊದಿದರೆ ಅದರ ಮೇಲಿನ ಮುಳ್ಳು ಮುಂದಕ್ಕೆ ಜಾರುತ್ತದೆ, ಎದೆಯಲ್ಲಿ ಗಾಳಿ ಎಷ್ಟು ಸಲೀಸಾಗಿ ಆಡುತ್ತಿದೆ ಅನ್ನುವುದಕ್ಕೆ ಒಂದು ಅಂಕಿ ಬರುತ್ತದೆ. ದಮ್ಮಿನ ರೋಗಿಗಳಿಗೆ ಕೊಡುವಂಥದ್ದು. ಮೂವರಿಗೂ ಒಂದೊಂದು ಕೊಟ್ಟಳು. ಬೆಳಿಗ್ಗೆ ಬಂದ ತಕ್ಷಣ ಊದಿ, ಸಂಜೆ ಹೊರಡುವಾಗ ಊದಿ, ಬರೆದಿಡಿ ಅಂದಳು. ಮಿಸ್ ಐಸಿಲ್ಡಾರ ವಯಸ್ಸು ಎತ್ತರ ಕೇಳಿ, ಅವರ ನಳಿಗೆಗೆ ಮೂರು ಬಣ್ಣದ ಗುರುತು ಹಚ್ಚಿದಳು. ಮುನ್ನೂರರ ಮೇಲೆ ಹಸಿರು. ಕೆಳಗೆ ಹಳದಿ. ನೂರ ತೊಂಬತ್ತರ ಕೆಳಗೆ ಕೆಂಪು.

"ಕೆಂಪಿಗೆ ಬಂದ್ರೆ?" ನಾನು ಕೇಳಿದೆ.

"ಮೇಲಿನ ರೋಗಿ ಆಗಿದ್ರೆ ನಾನು ಓಡ್ಬೇಕು. ಓಡದಿದ್ರೆ ನನ್ನ ಕೆಲಸ ಹೋಗುತ್ತೆ."

"ಕೆಳಗಿನವರಾದ್ರೆ?"

"ಕೆಳಗಿನವ್ರಿಗೆ ಹಾಳೆ ಇಲ್ವಲ್ಲ," ಅಂದರು ಮಿಸ್ ಐಸಿಲ್ಡಾ, ನಳಿಗೆಯನ್ನು ಸೆರಗಿನಂಥ ಏಪ್ರನ್ನಿನಲ್ಲಿ ಒರೆಸುತ್ತಾ. ಆ ವಾರ ಅವರು ಆಡಿದ ಮೊದಲ ತಮಾಷೆ.

ಆಟ ಶುರುವಾಯಿತು. ಅತಿ ಹೆಚ್ಚು ಊದಿದವನು ಉಳಿದವರಿಗೆ ಆಲ್ಬನಿ ಅವೆನ್ಯೂದ ಅಂಗಡಿಯಿಂದ ಬಿಸಿ ಪ್ಯಾಟಿ, ನಮ್ಮ ಜಮೈಕಾದ ಮಾಂಸದ ಕಡುಬು, ತರಬೇಕು, ಶ್ವಾಸಕೋಶದಲ್ಲಿ ಶ್ರೀಮಂತ ಅಂತ. ನಾನು ಆರುನೂರ ಇಪ್ಪತ್ತು ಊದಿ ಮೂರು ದಿನ ಓಡಿದೆ. ನಾಲ್ಕನೇ ದಿನ ಬೇಕೆಂದೇ ಮೆಲ್ಲಗೆ ಕಳ್ಳ ಊದು ಊದಿ ಸಿಕ್ಕಿಬಿದ್ದೆ. ವಿಲ್ಫ್ರೆಡೊ ಊದುವ ಮುಂಚೆ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದ. ಮಿಸ್ ಐಸಿಲ್ಡಾ ಊದುವಾಗ ಮಾತ್ರ ನಾವಿಬ್ಬರೂ ಮುಳ್ಳನ್ನೇ ನೋಡುತ್ತಿದ್ದೆವು.

ಎಲ್ಲಿ ಬರೆದಿಡುವುದು? ಕಸದಿಂದ ಎತ್ತಿಟ್ಟ ಆ ನಲವತ್ತು ಹಾಳೆಗಳಿದ್ದವಲ್ಲ, ಅವುಗಳ ಬೆನ್ನ ಮೇಲೆ ಬರೆದೆ. ಬರೆದದ್ದು ನಾನು. ಏಡಿ ಅಕ್ಷರದಲ್ಲಿ.

ಗ್ರಾನಿಯ ವಾರ ಮಿಸ್ ಐಸಿಲ್ಡಾ ಮುನ್ನೂರ ಹತ್ತು, ಮುನ್ನೂರ ಮೂವತ್ತು, ಶುಕ್ರವಾರ ಮುನ್ನೂರ ಐವತ್ತು. ಟಬ್ಬಿನ ವಾರ ಸೋಮವಾರ ಬೆಳಿಗ್ಗೆ ಮುನ್ನೂರ ನಲವತ್ತು, ಸಂಜೆ ಇನ್ನೂರ ಎಂಬತ್ತು. ಬುಧವಾರ ಸಂಜೆ ಇನ್ನೂರ ಮೂವತ್ತು. ಶುಕ್ರವಾರ ಸಂಜೆ ಇನ್ನೂರು. ಶನಿವಾರ ಭಾನುವಾರ ಮನೆಯಲ್ಲಿ, ಚರ್ಚಿನಲ್ಲಿ ಇದ್ದು ಬಂದರೆ ಮುಳ್ಳು ಮೇಲೇರುತ್ತಿತ್ತು. ಮತ್ತೆ ಗ್ರಾನಿ, ಮತ್ತೆ ಮೇಲೆ. ನನ್ನದೂ ವಿಲ್ಫ್ರೆಡೊನದೂ ಟಬ್ಬಿನ ವಾರ ನಲವತ್ತು ಐವತ್ತು ಇಳಿಯುತ್ತಿತ್ತು. ನಾವು ಅದನ್ನು ಸಿಗರೇಟಿನ ಮೇಲೆ, ಹವೆಯ ಮೇಲೆ, ಲೂಮಿಸ್‌ನ ಮುಖ ನೋಡಿದ್ದರ ಮೇಲೆ ಹಾಕುತ್ತಿದ್ದೆವು. ಹಾಳೆ ಹಾಗೆ ಹಾಕುತ್ತಿರಲಿಲ್ಲ. ನನಗೆ ಸ್ಕೂಲಿನಲ್ಲಿ ಲೆಕ್ಕ ಹತ್ತಿದ್ದೇ ಇಲ್ಲ. ಆದರೆ ಈ ಮೇಲೆ ಕೆಳಗೆ, ಮೇಲೆ ಕೆಳಗೆ ಅನ್ನುವುದನ್ನು ನೋಡಲು ಹತ್ತನೇ ಕ್ಲಾಸು ಕೂಡ ಬೇಕಾಗಿರಲಿಲ್ಲ.

ಆಸ್ಪತ್ರೆ ಟಬ್ಬಿಗೂ ಗ್ರಾನಿಗೂ ಹೋಲಿಕೆ ನಡೆಸುತ್ತಿತ್ತು. ನಾವೂ ನಡೆಸುತ್ತಿದ್ದೆವು. ಅವೇ ವಾರಗಳು. ಅವೇ ಹಾಳೆ. ಅವರದು ಮುಂದಿನ ಪುಟ, ನಮ್ಮದು ಹಿಂದಿನದು.

ಕೊನೆಯ ಟಬ್ಬಿನ ವಾರದ ಶುಕ್ರವಾರ, ಮಧ್ಯಾಹ್ನ ಎರಡು ಗಂಟೆಗೆ ಡಾಕ್ಟರ್ ಹ್ಯಾಡ್ಲಿ ದೊಡ್ಡ ಡಬ್ಬಿ ತುಂಬ ಡೋನಟ್ ಹಿಡಿದು ಬಂದರು. ಹಿಂದೆ ಲೂಮಿಸ್. ನೆರೈದಾ ಕೊಳವೆ ಒಯ್ಯಲು ಬಂದವಳು ಕಿಟಕಿಯಲ್ಲೇ ನಿಂತಳು. ಡಾಕ್ಟರು ನಮಗೆಲ್ಲ ಧನ್ಯವಾದ ಹೇಳಿದರು. ನೀವಿಲ್ಲದೆ ಈ ಅಧ್ಯಯನ ಆಗುತ್ತಲೇ ಇರಲಿಲ್ಲ ಅಂದರು. ಆಮೇಲೆ ಫಲಿತಾಂಶ ಹೇಳಿದರು. ಕ್ರಿಮಿ ಕೊಲ್ಲುವುದರಲ್ಲಿ ಎರಡೂ ಸಮ. ಟಬ್ಬಿನಲ್ಲೂ ಒಂದೂ ಬದುಕಿಲ್ಲ, ಗ್ರಾನಿಯಲ್ಲೂ ಒಂದೂ ಬದುಕಿಲ್ಲ. ಹೊತ್ತೂ ಹೆಚ್ಚುಕಡಿಮೆ ಸಮ. ಆದರೆ ಬಿಸಿಗೆ ರಬ್ಬರು ಬೇಗ ಸೆಡೆಯುತ್ತದೆ. ಕೊಳವೆ ಪದೇ ಪದೇ ಹೊಸದು ತರಬೇಕಾಗುತ್ತದೆ. ದ್ರಾವಣ ಹಾಗಲ್ಲ.

"ದ್ರಾವಣ ತುಂಬಾ ಮೃದು," ಅಂದರು ಡಾಕ್ಟರು. "ಆರು ವಾರ ಆದ್ಮೇಲೂ ಕೊಳವೆಗೇನೂ ಆಗಿಲ್ಲ."

ಗೆದ್ದದ್ದು ಟಬ್ಬು. ಸೋಮವಾರ ಗ್ರಾನಿಯನ್ನು ಗುಜರಿಗೆ ಒಯ್ಯುತ್ತಾರೆ. ಅಲ್ಲಿಂದಾಚೆ ಎಲ್ಲ ದಿನವೂ ಟಬ್ಬೇ. ಲೂಮಿಸ್ ಚಪ್ಪಾಳೆ ತಟ್ಟಿದ. ಒಬ್ಬನೇ ತಟ್ಟಿದ್ದರಿಂದ ನಿಲ್ಲಿಸುವುದು ಯಾವಾಗ ಅಂತ ತಿಳಿಯದೆ ಸ್ವಲ್ಪ ಹೊತ್ತು ತಟ್ಟಿದ.

ಮಿಸ್ ಐಸಿಲ್ಡಾ ಡೋನಟ್ ಮುಟ್ಟಲಿಲ್ಲ. ಕೈಯಲ್ಲಿದ್ದ ಕೊಳವೆಯನ್ನು ಬೀಸಲು ಎತ್ತಿದರು. ಒಂದು ಸುತ್ತು, ಎರಡು ಸುತ್ತು, ಮೂರು. ಕೊಳವೆ ಊಳಿಡುವಷ್ಟು ಜೋರು ಬರಲೇ ಇಲ್ಲ. ಕೈ ಕೆಳಗೆ ಬಂತು. ಕೊಳವೆಯನ್ನು ಬುಟ್ಟಿಗೆ ಹಾಕಿದರು. ಕೈಗವಸು ಬಿಚ್ಚಿದರು, ಒಂದು, ಇನ್ನೊಂದು. ಟಬ್ಬಿನ ದಪ್ಪ ಪ್ಲಾಸ್ಟಿಕ್ ಮುಚ್ಚಳ ಎಳೆದು ಮುಚ್ಚಿದರು. ಏಪ್ರನ್ ಸರಿಮಾಡಿಕೊಂಡು ಅದರ ಮೇಲೆ ಕೂತರು. ಚರ್ಚಿನಲ್ಲಿ ಮೊದಲ ಸಾಲಿನ ಬೆಂಚಿನ ಮೇಲೆ ಕೂರುವ ಹಾಗೆ, ಬೆನ್ನು ನೆಟ್ಟಗೆ.

ಲೂಮಿಸ್ ಏಳು ಅಂದ. ಮೇಲೆ ನಾಲ್ಕು ಆಪರೇಷನ್ ಇವೆ, ಮೂರು ಗಂಟೆಗೆ ಕೊಳವೆ ಬೇಕು ಅಂದ.

"ಮೂರಕ್ಕೆ ಹೋಗುತ್ತೆ," ಅಂದರು ಮಿಸ್ ಐಸಿಲ್ಡಾ. ಒಂದೊಂದು ಮಾತಿಗೂ ಉಸಿರು ಹುಡುಕುತ್ತಿದ್ದರು. "ಯಾರದೋ ಮಗು ಅದ್ರಲ್ಲಿ ಉಸಿರಾಡ್ಬೇಕು. ನಾನು ತಡ ಮಾಡಲ್ಲ. ಗ್ರಾನಿಯಿಂದ ಹೋಗುತ್ತೆ. ಈ ಮುಚ್ಚಳ ಮಾತ್ರ ಏಳಲ್ಲ."

ನಾನು ಬುಟ್ಟಿಯನ್ನು ಗ್ರಾನಿಗೆ ತಳ್ಳಿದೆ. ವಿಲ್ಫ್ರೆಡೊ ಗುಂಡಿ ತಿರುವಿದ. ಗ್ರಾನಿ ಗೊಣಗಲಿಲ್ಲ, ಬೈಸಿಕೊಳ್ಳಲಿಲ್ಲ, ಮೊದಲ ಸಲಕ್ಕೇ ಶುರುವಾಯಿತು.

ಲೂಮಿಸ್ ಕೆಂಪಾದ. ಎದ್ದೇಳದಿದ್ದರೆ ಸೋಮವಾರದಿಂದ ಬರಬೇಡ ಐಸಿಲ್ಡಾ ಅಂದ.

"ಮಿಸ್," ಅಂದೆ ನಾನು.

"ಏನು?"

"ಮಿಸ್ ಐಸಿಲ್ಡಾ. ಕೆಲಸದಿಂದ ತೆಗೀಬೇಕಾದ್ರೆ ಪೂರ್ತಿ ಹೆಸರು ಹೇಳಿ ತೆಗಿ."

ಡಾಕ್ಟರ್ ಹ್ಯಾಡ್ಲಿ ಇಬ್ಬರ ನಡುವೆ ಬಂದು ಏನು ತೊಂದರೆ ಅಂತ ಕೇಳಿದರು. ನಿಜವಾಗಿ ಕೇಳಿದರು, ಆ ಮಾತು ಹೇಳಬೇಕು. ನಾನು ಬೀರುವಿನಿಂದ ನಲವತ್ತು ಹಾಳೆ ತಂದು ಕೊಟ್ಟೆ. ಮುಂದಿನ ಪುಟ ನೋಡಿ ಗುರುತು ಹಿಡಿದರು. ಮುಖ ಸ್ವಲ್ಪ ಬಿಳಿಚಿತು. ಮಗುಚಿ ಹಿಂದಿನದು ನೋಡಿ ಅಂದೆ. ಮಗುಚಿದರು. ಏಡಿ ಅಕ್ಷರ ಓದಲು ಕಷ್ಟಪಟ್ಟರು. ಅಂಕಿ ಓದಲು ಪಡಲಿಲ್ಲ. ಬೆರಳಿಟ್ಟುಕೊಂಡು ಕೆಳಗಿಳಿದರು, ಮೇಲೇರಿದರು, ಕೆಳಗಿಳಿದರು.

"ಇದನ್ನ ಮಾಡಿ ಅಂತ ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ ಡಾಕ್ಟ್ರೇ," ಅಂದಳು ಕಿಟಕಿಯಿಂದ ನೆರೈದಾ. "ಹೇಳ್ಬೇಕಾದವ್ರು ನಗ್ತಾ ಇದ್ವಿ."

ಮಿಸ್ ಐಸಿಲ್ಡಾ ಜೇಬಿನಿಂದ ನಳಿಗೆ ತೆಗೆದರು. ಯಾರೂ ಊದಿ ಅನ್ನಲಿಲ್ಲ. ಬಾಯಿಗಿಟ್ಟು ಊದಿದರು. ಮುಳ್ಳು ಜಾರಿ ನಿಂತಿತು. ನೂರ ಎಪ್ಪತ್ತು. ಕೆಂಪು. ನಳಿಗೆಯನ್ನು ಡಾಕ್ಟರಿಗೆ ತೋರಿಸಿದರು.

"ಇದನ್ನ ಯಾವ ಕಾಲಮ್ಮಲ್ಲಿ ಬರೀಲಿ, ಡಾಕ್ಟ್ರೇ?"

ಆಗ ಡಾಕ್ಟರ್ ಹ್ಯಾಡ್ಲಿ ಡಾಕ್ಟರಾದರು. ಡೋನಟ್ ಡಬ್ಬಿಯನ್ನು ಲೂಮಿಸ್‌ನ ಕೈಗೆ ತುರುಕಿದರು. ಮಿಸ್ ಐಸಿಲ್ಡಾರ ತುಟಿ ನೋಡಿದರು, ಉಗುರು ನೋಡಿದರು. ಕಂದು ಬಣ್ಣದಲ್ಲಿ ಉಗುರು ಕಾಣಲಿಲ್ಲ. ಬೆನ್ನಿಗೆ ಸ್ಟೆತಾಸ್ಕೋಪು ಒತ್ತಿ ಕೇಳಿದರು. ಎದೆಯೊಳಗಿನ ಸಿಳ್ಳು ನನಗೆ ಬರಿಗಿವಿಗೇ ಕೇಳುತ್ತಿತ್ತು. ತಕ್ಷಣ ಔಷಧಿಯ ಹಬೆ ಕೊಡಬೇಕು ಅಂದರು. ನೆರೈದಾ ಆಗಲೇ ಮೆಟ್ಟಿಲು ಹತ್ತಿ ಓಡಿದ್ದಳು. ಎರಡು ನಿಮಿಷದಲ್ಲಿ ಔಷಧಿ, ಯಂತ್ರ ಎರಡೂ ತಂದಳು. ಮುಖವಾಡ ತಂದಿರಲಿಲ್ಲ. ತರುವ ಅಗತ್ಯವೂ ಇರಲಿಲ್ಲ. ಇಡೀ ಆಸ್ಪತ್ರೆಯ ಮುಖವಾಡ ನಮ್ಮ ಕಪಾಟಿನಲ್ಲೇ ಇದ್ದವು, ತೊಳೆದು ಒಣಗಿಸಿ ಪೊಟ್ಟಣ ಕಟ್ಟಿ.

ಡಾಕ್ಟರು ಕಪಾಟಿನ ಮುಂದೆ ನಿಂತರು.

ಸೊಂಟದ ಎತ್ತರದಲ್ಲಿ, ಕೈಗೆ ಸಿಗುವ ಹಾಗೆ, ನೀಲಿ ಪಟ್ಟಿಯ ಸಾಲು. ಆ ವಾರದ್ದು, ಟಬ್ಬಿನದು. ಕೆಂಪು ಪಟ್ಟಿಯದು ಹೋದ ವಾರದ್ದು, ಅಟ್ಟದ ಹಾಗೆ ಎಲ್ಲಕ್ಕಿಂತ ಮೇಲೆ. ಡಾಕ್ಟರ ಕೈ ನೀಲಿಯ ಮೇಲೆ ಹೋಯಿತು. ಪೊಟ್ಟಣಕ್ಕೆ ಬೆರಳು ತಾಗಿತು. ಅಲ್ಲೇ ನಿಂತಿತು. ಆಮೇಲೆ ಅವರು ತುದಿಗಾಲಲ್ಲಿ ನಿಂತು, ಬಿಳಿ ಕೋಟು ಮೇಲೆ ಸರಿಯುವಷ್ಟು ಕೈ ಚಾಚಿ, ಮೇಲಿನ ಸಾಲಿನಿಂದ ಕೆಂಪು ಪಟ್ಟಿಯದೊಂದನ್ನು ಎಳೆದುಕೊಂಡರು.

"ಯಾಕ್ ಡಾಕ್ಟ್ರೇ?" ಅಂದೆ. "ಎರಡೂ ಸಮ ಅಂದ್ರಲ್ಲ."

ಅವರು ಪೊಟ್ಟಣ ಹರಿದು ಮುಖವಾಡವನ್ನು ಮಿಸ್ ಐಸಿಲ್ಡಾರ ಮೂಗಿಗಿಟ್ಟು ಪಟ್ಟಿ ಬಿಗಿದರು. ಹಬೆ ಬಂತು. ಮಿಸ್ ಐಸಿಲ್ಡಾ ಕಣ್ಣು ಮುಚ್ಚಿ ಎಳೆದುಕೊಂಡರು. ಹತ್ತೊಂಬತ್ತು ವರ್ಷ ಬೇರೆಯವರಿಗೆ ತೊಳೆದದ್ದರಲ್ಲಿ ಮೊದಲ ಸಲ ತಾವು ಉಸಿರಾಡಿದರು. ಮುಚ್ಚಳದ ಮೇಲಿಂದ ಏಳಲಿಲ್ಲ.

ಮೂರಕ್ಕೆ ಐದು ನಿಮಿಷ ಇರುವಾಗ ಗ್ರಾನಿ ಗಂಟೆ ಬಾರಿಸಿತು. ವಿಲ್ಫ್ರೆಡೊ ಹಬೆಯಾಡುವ ಕೊಳವೆ ತೆಗೆದು ಒಂದೊಂದೇ ಬೀಸತೊಡಗಿದ. ಗೋಡೆಗೆ, ಡೋನಟ್ಟಿಗೆ, ಲೂಮಿಸ್‌ನ ಟೈಗೆ ನೀರು ಹಾರಿತು. ಕೊಳವೆ ಊಳಿಟ್ಟಿತು. ಮುಖವಾಡದೊಳಗಿಂದ ಮಿಸ್ ಐಸಿಲ್ಡಾ, ಶ್ರುತಿ ಸರಿಯಿಲ್ಲ ಇನ್ನೂ ಜೋರು ಬೀಸು ಅಂತ ಕೈ ಆಡಿಸಿ ತೋರಿಸಿದರು.

ನಾನು ಒಂದು ಹೊಸ ಹಾಳೆ ತೆಗೆದುಕೊಂಡೆ. ಕೊನೆಯ ಕಾಲಮ್ಮಿನಲ್ಲಿ ಏಡಿ ಅಕ್ಷರದಲ್ಲಿ ಬರೆದೆ: ಕೈ ನೀಲಿಗೆ ಹೋಗಿ ಕೆಂಪಿಗೆ ಬಂತು. ಕೆಳಗೆ ರುಜು ಹಾಕುವ ಜಾಗವಿತ್ತು. ಪೆನ್ನನ್ನು ಡಾಕ್ಟರ್ ಹ್ಯಾಡ್ಲಿಯವರ ಕಡೆಗೆ ಚಾಚಿ ನಿಂತೆ.